ತಾಯಿ ಕರೆದ ಹೆಸರು

"ಅಯ್ಯನವರೇ, ನಾಳೆ ನಮ್ಮವರು ಸೋತರೆ ನನಗೆ ಸಮಾಧಾನ ಎಲ್ಲಿಂದ ಬರಬೇಕು?"

ಕೇಳಿದವನು ಬಾರ್ನಬ. ಉಪದೇಶಿಯಾಗಬೇಕೆಂದು ವಯಸ್ಸಾದ ಸಭಾಪಾಲಕ ಗಿದ್ಯೋನ ಅಯ್ಯನವರ ಹತ್ತಿರ ಕಲಿಯುತ್ತಿದ್ದವನು. ಮರುದಿನ ಮತ ಎಣಿಕೆ ಇತ್ತು. ಚುನಾವಣೆಯ ದಿನಗಳಲ್ಲಿ ಅವನು ಮನೆಮನೆ ತಿರುಗಿ, ಗಂಟಲು ಹರಿದುಕೊಂಡು, ಒಬ್ಬರ ಪರವಾಗಿ ಮತ ಕೇಳಿದ್ದ. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಪ್ರಾರ್ಥನಾ ಕೂಟಗಳಲ್ಲೂ ಅವರು ಗೆಲ್ಲಲಿ, ಎದುರಾಳಿ ಸೋಲಲಿ ಎಂದು ಬೇಡಿದ್ದ. ಬೇಡಿ ಬೇಡಿ ಅವನಿಗೆ ಈಗ ಊಟ ಸೇರುತ್ತಿರಲಿಲ್ಲ.

"ಗೆದ್ದರೆ?" ಎಂದರು ಅಯ್ಯನವರು.

"ಗೆದ್ದರೆ ಸಿಗುತ್ತದೆ."

"ಎಷ್ಟು ದಿನಕ್ಕೆ?"

ಬಾರ್ನಬ ತನ್ನ ಅಳಲು ಹೇಳಿಕೊಂಡ. "ಮುಂಚೆ ನನ್ನ ಹತ್ತಿರ ಇತ್ತು, ಅಯ್ಯನವರೇ. ಕಣ್ಣು ಮುಚ್ಚಿದರೆ ಸಾಕು, ಕರ್ತನು ಪಕ್ಕದಲ್ಲಿ ಕೂತ ಹಾಗೆ ಇರುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಮತಪೆಟ್ಟಿಗೆ ಕಾಣಿಸುತ್ತದೆ. ನನಗೆ ಅದು ಮತ್ತೆ ಬೇಕು."

"ಬೇಕು ಅನ್ನುವುದು ಉಳಿದಿದೆಯಲ್ಲ, ಒಳ್ಳೆಯದೇ ಆಯಿತು" ಎಂದರು ಅಯ್ಯನವರು. "ಒಂದು ಕತೆ ಹೇಳುತ್ತೇನೆ. ಅದರಲ್ಲಿ ನಿನ್ನ ಉತ್ತರ ಸಿಕ್ಕರೆ ತೆಗೆದುಕೊಂಡು ಹೋಗು. ಸಿಗದಿದ್ದರೆ ತಪ್ಪು ಕತೆಯದು, ನನ್ನನ್ನು ಬಯ್ಯಬೇಡ."

ಹೀಗೆಂದು ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಇದ್ದ, ಒಬ್ಬ ಬಣ್ಣಗಾರ ಇದ್ದ. ಬಣ್ಣಗಾರ ಅದ್ದಿ ಒಣಗಿಸಿ ಕೊಟ್ಟ ನೂಲನ್ನು ನೇಕಾರ ನೇಯುತ್ತಿದ್ದ. ಇಬ್ಬರೂ ಯೇಸುಸ್ವಾಮಿಯ ಒಕ್ಕಲು. ಒಂದೇ ಚರ್ಚಿನಲ್ಲಿ, ಒಂದೇ ಚಾಪೆಯ ಮೇಲೆ ಕೂರುವವರು. ಚಿಕ್ಕಂದಿನಲ್ಲಿ ಒಂದೇ ಬೆತ್ತದ ಏಟು ಹಂಚಿಕೊಂಡು ತಿಂದವರು.

ಆ ಚರ್ಚಿನಲ್ಲಿ ಒಂದು ಪದ್ಧತಿ ಇತ್ತು. ಭಾನುವಾರದ ಆರಾಧನೆಯಲ್ಲಿ, ಕಡೆಯ ಆಶೀರ್ವಾದಕ್ಕೆ ಮೊದಲು, ಒಂದು ಮನೆಯವರು ಎದ್ದು ನಿಂತು ಊರನ್ನು ಆಳುವವನಿಗಾಗಿ ಪ್ರಾರ್ಥಿಸಬೇಕು. ಈ ವಾರ ಒಂದು ಮನೆ, ಮುಂದಿನ ವಾರ ಇನ್ನೊಂದು ಮನೆ. ಆಳುವವನು ಒಳ್ಳೆಯವನೋ ಕೆಟ್ಟವನೋ, ನಮ್ಮ ಸಭೆಯವನೋ ಹೊರಗಿನವನೋ ಎಂದು ಕೇಳುವಂತಿಲ್ಲ. ದೇಸಾಯರ ಕಾಲದಲ್ಲಿ ದೇಸಾಯರಿಗಾಗಿ ಮಾಡಿದರು. ಗೌಡರ ಕಾಲದಲ್ಲಿ ಗೌಡರಿಗಾಗಿ ಮಾಡಿದರು. ಮತ ಹಾಕುವ ಕಾಲ ಬಂದ ಮೇಲೆ ಊರಿನ ಅಧ್ಯಕ್ಷನಿಗಾಗಿ ಮಾಡಿದರು.

ಪದ್ಧತಿಗೆ ಒಂದೇ ಕಟ್ಟಳೆ. ಆ ಮನುಷ್ಯನ ಹೆಸರು ಹೇಳಬೇಕು. ಬಿರುದು ಹೇಳಬಾರದು, ಹುದ್ದೆ ಹೇಳಬಾರದು, ಮನೆತನದ ಹೆಸರೂ ಬೇಡ. ತಾಯಿ ಯಾವ ಹೆಸರಿನಿಂದ ಕೂಗಿ ಊಟಕ್ಕೆ ಕರೆಯುತ್ತಿದ್ದಳೋ ಆ ಹೆಸರು. ದೇವರ ಮನೆಯಲ್ಲಿ ಅಧ್ಯಕ್ಷರು ಅಂದರೆ ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹಿರಿಯರು ನಗುತ್ತಾ ಹೇಳುತ್ತಿದ್ದರು.

ನೇಕಾರನಿಗೆ ಪ್ರಾರ್ಥನೆಯ ವರ ಇತ್ತು. ಅವನು ಬಾಯಿ ತೆರೆದರೆ ಮಕ್ಕಳು ಕೂಡ ಅಲುಗಾಡದೆ ಕೂರುತ್ತಿದ್ದವು. ಹಾಸಿಗೆ ಹಿಡಿದವರು ಅವನಿಗೆ ಹೇಳಿಕಳಿಸುತ್ತಿದ್ದರು. ಭಾನುವಾರ ತಮ್ಮ ಸರದಿ ಬಂದಾಗ ಎಷ್ಟೋ ಮನೆಯವರು "ನಮಗ ಮಾತು ಬರೂದಿಲ್ಲ, ನೀನ ಮಾಡಪಾ" ಎಂದು ಅವನಿಗೇ ಬಿಟ್ಟುಕೊಡುತ್ತಿದ್ದರು. ಹೀಗೆ ಊರಿನವರೆಲ್ಲರ ಸರದಿ ಹೆಚ್ಚುಕಡಿಮೆ ಅವನದೇ ಆಗಿಬಿಟ್ಟಿತ್ತು.

ಇದೆಲ್ಲ ಇನ್ನೊಬ್ಬರಿಗಾಗಿ ಮಾಡುವ ಪ್ರಾರ್ಥನೆ. ತನಗಾಗಿ ಅವನಿಗೆ ಬೇರೆ ಹೊತ್ತಿತ್ತು. ಬೆಳಗಾಗುವ ಮುಂಚೆ ಎದ್ದು, ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು, ಲಾಳಿ ಮುಟ್ಟದೆ ಸುಮ್ಮನೆ ಕೂರುತ್ತಿದ್ದ. ಏನೂ ಬೇಡುತ್ತಿರಲಿಲ್ಲ. ಕೂತಲ್ಲೇ ಒಂದು ಸಮಾಧಾನ ಬಂದು ಅವನ ಪಕ್ಕದಲ್ಲಿ ಕೂರುತ್ತಿತ್ತು. ಅದು ಬಂದ ಮೇಲೆ ಅವನು ನೇಯುವುದಕ್ಕೆ ಶುರು ಮಾಡುತ್ತಿದ್ದ. ದಿನಾ ಬರುತ್ತಿದ್ದುದರಿಂದ ಅದು ಎಲ್ಲಿಂದ ಬರುತ್ತದೆ ಎಂದು ಅವನು ವಿಚಾರ ಮಾಡಿರಲಿಲ್ಲ. ಇದ್ದಾಗ ಯಾರು ವಿಚಾರ ಮಾಡುತ್ತಾರೆ?

ಒಂದು ವರ್ಷ ಚುನಾವಣೆ ಬಂತು. ಬಣ್ಣಗಾರ ನಿಂತ. ಅವನಿಗೆ ಎದುರಾಗಿ ನೇಕಾರನ ಚಿಕ್ಕಪ್ಪನ ಮಗ ನಿಂತ. ಈ ತಮ್ಮ ನೇಕಾರರ ಓಣಿಗೆ ನೀರು ತರಿಸುತ್ತೇನೆ ಎಂದಿದ್ದ. ಬಣ್ಣಗಾರ ಊರಿಗೆ ರಸ್ತೆ ಮಾಡಿಸುತ್ತೇನೆ ಎಂದಿದ್ದ. ಎರಡೂ ಬೇಕಾದವೇ. ನೇಕಾರನಿಗೆ ನೀರು ಹೆಚ್ಚು ಬೇಕಾಗಿತ್ತು, ರಕ್ತಸಂಬಂಧವೂ ಇತ್ತು. ತಮ್ಮನ ಪರವಾಗಿ ಓಡಾಡಿದ. ಅಲ್ಲಿಯವರೆಗೆ ತಪ್ಪೇನೂ ಇಲ್ಲ.

ಆಮೇಲೆ ಅವನೊಂದು ತಪ್ಪು ಮಾಡಿದ. ಅದು ಪ್ರಾರ್ಥನೆ ಬಲ್ಲವರು ಮಾತ್ರ ಮಾಡುವ ತಪ್ಪು. ಪ್ರಾರ್ಥನೆ ಬಾರದವರಿಗೆ ಆ ಭಾಗ್ಯವಿಲ್ಲ. ಒಂದು ಭಾನುವಾರ ಸಭೆಯ ನಡುವೆ ಎದ್ದು ನಿಂತು, "ಕರ್ತ ನನಗ ತೋರಿಸ್ಯಾನ. ಗೆಲ್ಲಾಂವ ನನ್ನ ತಮ್ಮನ" ಎಂದ.

ಕರ್ತನು ಏನು ತೋರಿಸಿದನೋ ನಾನರಿಯೆ. ಒಂದು ಆಸೆ ಬಹಳ ದಿನ ಪ್ರಾರ್ಥನೆಯ ಜೊತೆಯಲ್ಲೇ ಇದ್ದರೆ ಅದಕ್ಕೂ ದೇವರ ದನಿ ಬಂದುಬಿಡುತ್ತದೆ. ಗುರುತು ಹಿಡಿಯುವುದು ಕಷ್ಟ. ಸಭೆಯಲ್ಲಿ ಕೆಲವರು ಆಮೆನ್ ಅಂದರು. ಬಣ್ಣಗಾರ ಅಲ್ಲೇ ಕೂತಿದ್ದ. ಅವನು ತಲೆ ತಗ್ಗಿಸಿದ.

ಬಣ್ಣಗಾರ ಗೆದ್ದ.

ಆ ದಿನ ನೇಕಾರ ಓಣಿಯ ಉದ್ದಕ್ಕೂ ನೇಯಬೇಕಾದ ಬಿಳಿಯ ನೂಲಿನ ಹಾಸು ಎಳೆದು ಗಂಜಿ ಹಚ್ಚುತ್ತಿದ್ದ. ಗಂಜಿ ಹಚ್ಚಿದ ಹಾಸನ್ನು ಒಣಗುವ ತನಕ ತೆಗೆಯುವಂತಿಲ್ಲ, ಎಳೆಗೆ ಎಳೆ ಅಂಟಿಕೊಂಡುಬಿಡುತ್ತದೆ. ಅಷ್ಟರಲ್ಲಿ ಗೆದ್ದವರ ಮೆರವಣಿಗೆ ಹಲಗೆ ಬಾರಿಸಿಕೊಂಡು ಆ ಓಣಿಗೇ ಬಂತು. ಯಾರೋ ಗುಲಾಲು ತೂರಿದರು. ಗುಲಾಲು ಹಸಿ ಹಾಸಿನ ಮೇಲೆ ಬಿತ್ತು. ಬಿಳಿಯ ನೂಲು ಕೆಂಪಾಯಿತು.

ಬಣ್ಣಗಾರ ಗಾಡಿಯಿಂದ ಇಳಿದು ಬಂದು ನೋಡಿದ. "ಗುಲಾಲು ಅಲ್ಲೇನ ಮಾರಾಯಾ, ತೊಳದ್ರ ಹೋಗತೈತಿ. ಬಣ್ಣದ ವಿಷಯ ನನಗ ಗೊತ್ತಿಲ್ಲೇನು? ನಾನ ತೊಳದು ಕೊಡ್ತೇನಿ" ಎಂದು ನಕ್ಕ. ಅವತ್ತು ಅವನು ಏನು ಕಂಡರೂ ನಗುತ್ತಿದ್ದ. ಗೆದ್ದವನ ನಗುವಿಗೆ ಕಾರಣ ಬೇಕಾಗಿಲ್ಲ. ಸೋತವನ ಕಿವಿಗೆ ಮಾತ್ರ ಪ್ರತಿಯೊಂದು ನಗುವೂ ತನ್ನನ್ನು ಕುರಿತದ್ದೇ ಆಗಿ ಕೇಳಿಸುತ್ತದೆ. ನೇಕಾರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಭಾನುವಾರ ಬಂತು. ಸರದಿ ಅವನದೇ ಇತ್ತು. ಎದ್ದು ನಿಂತ. ಬೆಳೆಗಾಗಿ ಬೇಡಿದ, ಮಳೆಗಾಗಿ ಬೇಡಿದ, ರೋಗಿಗಳಿಗಾಗಿ ಬೇಡಿದ. ಹೆಸರು ಹೇಳುವ ಜಾಗಕ್ಕೆ ಬಂದ. ಸಭೆ ಕಾದಿತ್ತು. "ಆಳುವವರೆಲ್ಲರನ್ನೂ ನಿನ್ನ ಕೈಗೆ ಒಪ್ಪಿಸುತ್ತೇವೆ" ಎಂದು ಹೇಳಿ ಕೂತುಬಿಟ್ಟ. ಮಾತಿನಲ್ಲಿ ದೋಷವಿರಲಿಲ್ಲ. ಆದರೂ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೆಮ್ಮಿದಳು. ಎಲ್ಲರಿಗೂ ಗೊತ್ತಾಯಿತು.

ಮನೆಗೆ ಬಂದ ಮೇಲೆ ಹೆಂಡತಿ ರೊಟ್ಟಿ ಬಡಿಸುತ್ತಾ, "ಹೆಸರು ಬಿಟ್ರಿ" ಎಂದಳು.

"ಮನಸ್ಸಿನ್ಯಾಗ ಇಲ್ಲದ್ದನ್ನ ಬಾಯಿಲೆ ಅಂದ್ರ ದೇವರ ಮುಂದ ಸುಳ್ಳು ಹೇಳಿದಂಗ ಆಗತೈತಿ."

"ಹಂಗಾರ ಮನಸ್ಸಿನ್ಯಾಗ ಇದ್ದದ್ದನ್ನ ಹೇಳ್ರಿ. ಕರ್ತನೇ, ಈ ಹೆಸರು ನನ್ನ ಬಾಯಿಗೆ ಬರವಲ್ದು ಅಂತ ಹೇಳ್ರಿ. ಅದೂ ಪ್ರಾರ್ಥನಾನ."

ನೇಕಾರ ಕೇಳಲಿಲ್ಲ. ಊರಿಗೇ ಪ್ರಾರ್ಥನೆ ಹೇಳಿಕೊಡುವವನು ಹೆಂಡತಿಯಿಂದ ಹೇಳಿಸಿಕೊಂಡಾನೆಯೇ? ಸುಳ್ಳು ಹೇಳದೆ ಇದ್ದದ್ದಕ್ಕೆ ದೇವರು ತನ್ನನ್ನು ಮೆಚ್ಚಿದ್ದಾನೆ ಎಂದೇ ಅವನು ನಂಬಿದ. ಕಹಿಗೆ ಸತ್ಯದ ಹೆಸರು ಇಟ್ಟುಬಿಟ್ಟರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸುಲಭ.

ಮರುದಿನ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತ. ದಿನಾ ಬರುತ್ತಿದ್ದ ಸಮಾಧಾನ ಬರಲಿಲ್ಲ. ತುಸು ಹೊತ್ತು ಕಾದ. ಬರಲಿಲ್ಲ. ನಿದ್ದೆ ಸಾಲದ್ದಕ್ಕೆ ಹೀಗಾಗಿರಬೇಕು ಎಂದುಕೊಂಡು ನೇಯುವುದಕ್ಕೆ ತೊಡಗಿದ. ಮಾರನೆಯ ದಿನವೂ ಬರಲಿಲ್ಲ. ಬೇಡಿದರೆ ಬರುತ್ತದೇನೋ ಎಂದು ಬೇಡಿದ. ಮೊದಲು ಬೇಡದೆ ಬಂದದ್ದು ಈಗ ಬೇಡಿದರೂ ಬರಲಿಲ್ಲ. ಮನೆಯಲ್ಲಿ ಒಬ್ಬರು ಸತ್ತ ಹಾಗೆ ಅವನಿಗೆ ಆಗುತ್ತಿತ್ತು. ಸತ್ತವರು ಯಾರೆಂದು ಹೇಳುವ ಹಾಗಿರಲಿಲ್ಲ.

ಪ್ರಾರ್ಥನೆಯ ಮಾತುಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಭಾನುವಾರ ಎದ್ದು ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಬೇಡುತ್ತಿದ್ದ, ಹಾಸಿಗೆ ಹಿಡಿದವರು ಕರೆದರೆ ಹೋಗುತ್ತಿದ್ದ. ಮಾತು ಮೊದಲಿನ ಹಾಗೇ ಚೆಂದವಾಗಿ ಬರುತ್ತಿತ್ತು. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಅವನ ಎದೆಯಲ್ಲಿ ಏನೂ ಇರುತ್ತಿರಲಿಲ್ಲ. ಇನ್ನೊಬ್ಬರಿಗೆ ನೀರು ಹಾಕಿ ಹಾಕಿ ತಾನು ಬಾಯಾರಿ ಕೂತವನ ಪಾಡು ಅವನದಾಯಿತು.

ಒಮ್ಮೆ ನೆರೆಯೂರಿನ ಚರ್ಚಿಗೆ ಹೋಗಿ ನೋಡಿದ. ಅಲ್ಲಿ ಅವನಿಗೆ ಪ್ರಾರ್ಥನೆ ಮಾಡಲು ಹೇಳಿದರು. ಆ ಊರನ್ನು ಆಳುವವನ ಹೆಸರು ಕೇಳಿಕೊಂಡು, ಅವನಿಗಾಗಿ ಕಣ್ಣೀರು ಬರುವ ಹಾಗೆ ಪ್ರಾರ್ಥಿಸಿದ. ಆ ಮನುಷ್ಯ ಕಪ್ಪಗಿದ್ದಾನೋ ಕೆಂಪಗಿದ್ದಾನೋ ಕೂಡ ಇವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನನ್ನು ಪ್ರೀತಿಸುವುದು ಎಷ್ಟು ಸುಲಭ, ನೋಡು. ಹಿಂದಿರುಗಿ ಬರುವಾಗ ಹೋದಾಗ ಇದ್ದದ್ದಕ್ಕಿಂತ ಬರಿದಾಗಿ ಬಂದ.

ಆಗ ಅವನು ತನಗೆ ತಾನೇ ಒಂದು ಮಾತು ಹೇಳಿಕೊಂಡ. ಮುಂದಿನ ಚುನಾವಣೆ ಬರಲಿ. ತಮ್ಮ ಗೆಲ್ಲಲಿ. ಅವತ್ತು ಸಮಾಧಾನ ತಾನಾಗಿ ಬರುತ್ತದೆ. ಹಬ್ಬಕ್ಕೆ ಹೋಳಿಗೆ ಮಾಡುತ್ತಾರೆಂದು ದಿನದ ರೊಟ್ಟಿ ಬಿಟ್ಟು ಕೂತವನ ಹಾಗೆ, ಅವನು ಕಾಯುತ್ತಾ ಕೂತ. ಯಾರು ಯಾರ ಕಡೆ ಇದ್ದಾರೆ ಎಂದು ಓಣಿ ಓಣಿಯಲ್ಲಿ ತಲೆ ಎಣಿಸುವುದು ಅವನಿಗೆ ಅಭ್ಯಾಸವಾಯಿತು. ಚರ್ಚಿನಲ್ಲಿ ಮೊಣಕಾಲೂರಿದಾಗಲೂ ಎಣಿಸುತ್ತಿದ್ದ.

ಆ ನಡುವೆ ಬಣ್ಣಗಾರನ ತಾಯಿ ತೀರಿಕೊಂಡಳು. ನೇಕಾರ ಮಣ್ಣಿಗೆ ಹೋದ. ಪೆಟ್ಟಿಗೆಗೆ ಹೆಗಲೂ ಕೊಟ್ಟ. ಚಿಕ್ಕಂದಿನಲ್ಲಿ ಆ ತಾಯಿಯ ಕೈಯಲ್ಲಿ ಉಂಡವನು, ಕೊಡದೆ ಇದ್ದಾನೆಯೇ? ಈ ಭಾನುವಾರ ಹೆಸರು ಹೇಳುತ್ತಾನೆ ಎಂದು ಸಭೆಯವರೆಲ್ಲ ಅಂದುಕೊಂಡರು. ಅವನೂ ಹಾಗೇ ಅಂದುಕೊಂಡು ಎದ್ದ. ಉಸಿರು ಎಳೆದುಕೊಂಡ. ಹೆಸರು ಗಂಟಲಿಗೆ ಬಂತು. ಅದರ ಜೊತೆ ಗುಲಾಲೂ ಬಂತು, ಆ ನಗುವೂ ಬಂತು, "ಕರ್ತ ನನಗ ತೋರಿಸ್ಯಾನ" ಎಂದು ತಾನು ಹೇಳಿದ ಮಾತೂ ಬಂತು. ಇವುಗಳಲ್ಲಿ ಯಾವುದು ಹೆಚ್ಚು ನೋಯಿಸಿತೋ ಅವನಿಗೇ ತಿಳಿಯದು. "ಆಳುವವರೆಲ್ಲರನ್ನೂ, ದುಃಖದಲ್ಲಿರುವವರೆಲ್ಲರನ್ನೂ" ಎಂದು ಹೇಳಿ ಕೂತ. ಆಶೀರ್ವಾದ ಮುಗಿದು ಎಲ್ಲರೂ ಎದ್ದು ಹೋದರು. ಬಣ್ಣಗಾರ ಇನ್ನೂ ಮೊಣಕಾಲ ಮೇಲೇ ಇದ್ದ.

ಮತ್ತೆ ಚುನಾವಣೆ ಬಂತು. ತಮ್ಮ ಗೆದ್ದ.

ಈ ಸಲ ಹಲಗೆ ನೇಕಾರನ ಮನೆಯ ಮುಂದೆಯೇ ಮೊಳಗಿತು. ನೇಕಾರ ಬೀದಿಯಲ್ಲಿ ನಿಂತು ಬಂದವರ ಬಾಯಿಗೆಲ್ಲ ಪೇಢೆ ಹಾಕಿದ. ಭಾನುವಾರ ಬಂತು. ಎದ್ದು ನಿಂತು ತಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಿದ. ಮತ್ತೊಮ್ಮೆ ಹೇಳಿದ. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ, ದೇವರಿಗೆ ಕಿವಿ ಚೆನ್ನಾಗಿಯೇ ಇದೆ. ಹೇಳಿ ಕೂತು, ಸಮಾಧಾನ ಬರಲಿ ಎಂದು ಕಾದ.

ಬರಲಿಲ್ಲ.

ಬೆಳಿಗ್ಗೆ ಮಗ್ಗದ ಹತ್ತಿರ ಬರಬಹುದು ಎಂದುಕೊಂಡ. ಬೆಳಿಗ್ಗೆಯೂ ಬರಲಿಲ್ಲ. ಅದರ ಬದಲು ಒಂದು ಭಯ ಬಂತು. ತಮ್ಮನನ್ನು ಕೆಳಗಿಳಿಸಲು ಯಾರೋ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಸುದ್ದಿ ಹಬ್ಬಿತ್ತು. ನೇಕಾರ ಮತ್ತೆ ತಲೆ ಎಣಿಸತೊಡಗಿದ. ಸೋತಾಗ ಎಣಿಸುತ್ತಿದ್ದ, ಗೆದ್ದ ಮೇಲೂ ಎಣಿಸುತ್ತಿದ್ದ. ಈಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಕಾಯುವುದಕ್ಕೆ ಇನ್ನು ಯಾವ ದಿನವೂ ಉಳಿದಿರಲಿಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಮುಖ ಮುಚ್ಚಿ ಅತ್ತ. "ನೀ ಎಲ್ಲಿ ಹೋದಿ?" ಎಂದು ಕೇಳಿದ. ಯಾರನ್ನು ಕೇಳಿದನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ವಾರ ಕಳೆದ ಮೇಲೆ ಬಣ್ಣಗಾರನ ಮನೆಯ ಸರದಿ ಬಂತು. ಬಣ್ಣಗಾರ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತಾನೇ ಎದ್ದ. ಕೊಟ್ಟದ್ದನ್ನು ತಿರುಗಿ ಕೊಡುವ ದಿನ ಇದೇ ಎಂದು ಎಲ್ಲರಿಗೂ ಗೊತ್ತಿತ್ತು.

ಬಣ್ಣಗಾರನಿಗೆ ಪ್ರಾರ್ಥನೆಯ ವರ ಇರಲಿಲ್ಲ. ತಡವರಿಸುತ್ತಾ ಹೇಳಿದ. ಆದರೆ ಹೆಸರು ಹೇಳಿದ. ತನ್ನನ್ನು ಸೋಲಿಸಿದವನ ಹೆಸರನ್ನು, ಅವನ ತಾಯಿ ಕರೆಯುವ ಹಾಗೆ, ಮೆಲ್ಲಗೆ ಹೇಳಿದ. ಅವನಿಗೆ ಬುದ್ಧಿ ಕೊಡು, ಆರೋಗ್ಯ ಕೊಡು, ರಾತ್ರಿ ನಿದ್ದೆ ಕೊಡು ಎಂದ. ಕೂತ. ಅಷ್ಟೇ.

ಅಂದು ಮಧ್ಯಾಹ್ನ ನೇಕಾರನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬಹಳ ದಿನದ ಮೇಲೆ ಬಣ್ಣಗಾರನ ಮನೆಯ ಬಾಗಿಲಿಗೆ ಹೋದ. ಬಣ್ಣಗಾರ ಹಿತ್ತಿಲಲ್ಲಿ ಬಣ್ಣ ಅದ್ದುವ ಖಾಲಿ ಗುಡಾಣವನ್ನು ತೊಳೆದು ಬೋರಲು ಹಾಕುತ್ತಿದ್ದ. ನೇಕಾರ ಕುಶಲ ಕೇಳಲಿಲ್ಲ. ನಿಂತಲ್ಲೇ ಕೇಳಿದ.

"ಆ ಹೆಸರು ನಿನ್ನ ಬಾಯಿಗೆ ಹೆಂಗ ಬಂತು?"

ಬಣ್ಣಗಾರ ಕೈ ಒರೆಸಿಕೊಂಡ. "ಕರ್ತ ಶಿಲುಬೆ ಮ್ಯಾಲಿದ್ದಾಗ ಮೊಳೆ ಹೊಡದವರ ಸಲುವಾಗಿ ಬೇಡಿಕೊಂಡ. ನನಗ ಯಾರೂ ಮೊಳೆ ಹೊಡದಿಲ್ಲಪಾ. ಓಟು ಹಾಕಿಲ್ಲ, ಅಷ್ಟ."

ನೇಕಾರ ಹೋಗಲಿಲ್ಲ. ಇದು ಪೂರ್ತಿ ಉತ್ತರವಲ್ಲ ಎಂದು ಅವನಿಗೆ ತಿಳಿಯಿತು. ಬಣ್ಣಗಾರ ಗುಡಾಣದ ಪಕ್ಕದಲ್ಲಿ ನೋಯುವ ಮಂಡಿ ಹಿಡಿದು ಕುಕ್ಕುರುಗಾಲಲ್ಲಿ ಕೂತು, ಅವನ ಮುಖ ನೋಡದೆ ಉಳಿದದ್ದನ್ನು ಹೇಳಿದ.

"ಗೆದ್ದಾಗ ಮೊದಮೊದಲು ಉಬ್ಬಿನ್ಯಾಗ ಇದ್ದೆ, ನೀ ಹೆಸರು ಬಿಟ್ಟದ್ದು ಮನಸ್ಸಿಗೆ ಹತ್ತಲಿಲ್ಲ. ಆಮ್ಯಾಲೆ ಹತ್ತಿತು. ಊರಾಗ ಎಲ್ಲಾರೂ ನನ್ನ ಹೆಸರು ಹಿಡೀತಿದ್ರು, ಬಯ್ಯಾಕ. ಎದುರಿಗೆ ಬಂದ್ರ ಅಧ್ಯಕ್ಷರ ಅಂತಿದ್ರು, ಬೇಡಾಕ. ದೇವರ ಮುಂದ ನನ್ನ ಹೆಸರು ಹೇಳಾಂವ ನೀ ಒಬ್ಬನ ಇದ್ದಿ. ವಾರಾ ವಾರಾ ಮೊಣಕಾಲೂರಿ ನಿನ್ನ ಬಾಯಿ ಕಾಯ್ತಿದ್ದೆ. ಇವತ್ತ ಅಂತಾನ, ಇವತ್ತ ಅಂತಾನ ಅಂತ. ಅವ್ವ ಹೋದ ಮ್ಯಾಲಂತೂ ಆ ಹೆಸರಿಲೆ ಕರೆಯೋರ ಯಾರೂ ಉಳೀಲಿಲ್ಲ. ಆ ಭಾನುವಾರ ನೀ ಉಸಿರು ತಗೊಂಡದ್ದು ಕೇಳಿಸ್ತು ನನಗ. ಕೇಳಿಸಿ, ಆಮ್ಯಾಲೆ ಕೂತದ್ದೂ ಕೇಳಿಸ್ತು. ಹೆಸರಿಲ್ಲದ ಕುರ್ಚಿ ಮ್ಯಾಲೆ ಕೂಡೂದು ಹೆಂಗಿರತೈತಿ ನನಗ ಗೊತ್ತೈತಿ. ನಿನ್ನ ತಮ್ಮಗ ಅದು ಬ್ಯಾಡ ಅಂತ ಹೇಳಿದೆ."

ನೇಕಾರ ಇಷ್ಟು ವರ್ಷ ತಾನೊಬ್ಬನೇ ಕಾಯುತ್ತಿದ್ದೇನೆ ಎಂದು ತಿಳಿದಿದ್ದ. ಒಂದೇ ಚಾಪೆಯ ಮೇಲೆ ಇನ್ನೊಬ್ಬನೂ ಕಾಯುತ್ತಿದ್ದ. ತಾನು ದೇವರ ಸಮಾಧಾನಕ್ಕೆ ಕಾಯುತ್ತಿದ್ದರೆ ಅವನು ತನ್ನ ಬಾಯಿಂದ ಬರುವ ಹೆಸರಿಗೆ ಕಾಯುತ್ತಿದ್ದ. ತಾನು ಕೊಡಲಿಲ್ಲ. ಗೆದ್ದವನಿಗೆ ಏನೂ ಕೊರತೆ ಇರುವುದಿಲ್ಲ ಎಂದು ತಿಳಿದು ಕೊಡಲಿಲ್ಲ.

ನೇಕಾರನಿಗೆ ಅಪಾರ ಮಾತು ಬರುತ್ತಿತ್ತೆಂದು ಹೇಳಿದೆನಲ್ಲ. ಆ ಹಿತ್ತಿಲಲ್ಲಿ ಒಂದೂ ಬರಲಿಲ್ಲ. ಮಣ್ಣಿನ ಮೇಲೆ ಮೊಣಕಾಲೂರಿದ. ಬಣ್ಣಗಾರನ ಹೆಸರು ಹೇಳಿದ. ಮುಂದಿನ ಮಾತಿಗೆ ಕಾದ. ಬಾರದೆ ಇದ್ದಾಗ ಮತ್ತೆ ಅದೇ ಹೆಸರು ಹೇಳಿದ. ಪ್ರಾರ್ಥನೆಯಂದರೆ ಅಷ್ಟೇ ಆಯಿತು. ಬಣ್ಣಗಾರ ಅದಕ್ಕೆ ಆಮೆನ್ ಅನ್ನಬೇಕಾಗಿತ್ತು. ಅನ್ನಲಾಗಲಿಲ್ಲ. ಅವ್ವ ಕರೆದಾಗ ಹುಡುಗರು ಓಗೊಡುವ ಹಾಗೆ "ಓ" ಅಂದುಬಿಟ್ಟ. ಅಂದು, ಸೆರಗಿಲ್ಲದ ಗಂಡಸು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ.

ಎದ್ದು ಹೊರಡುವಾಗ ನೇಕಾರ ಬಾಗಿಲಲ್ಲಿ ನಿಂತು, "ಮುಂದಿನ ಸಲಾನೂ ನಾ ನಿನಗ ಓಟು ಹಾಕೂದಿಲ್ಲ ನೋಡು. ಓಣಿಗೆ ಇನ್ನೂ ನೀರ ಬಂದಿಲ್ಲ" ಎಂದ.

"ಹಾಕಬ್ಯಾಡ" ಎಂದ ಬಣ್ಣಗಾರ. "ಹೆಸರು ಬಿಡಬ್ಯಾಡ."

ಮರುದಿನ ಬೆಳಗಾಗುವ ಮುಂಚೆ ನೇಕಾರ ಎದ್ದು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟ. ಏನನ್ನೂ ಕಾಯಬೇಕೆಂದು ಅವನಿಗೆ ತೋಚಲಿಲ್ಲ. ಬಣ್ಣಗಾರನ ಮಂಡಿ ನೋವು ಹೇಗಿದೆಯೋ ಕೇಳುವುದನ್ನೇ ಮರೆತೆನಲ್ಲ ಎಂದು ಯೋಚಿಸುತ್ತಾ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ಅದು ಬಂದಿತ್ತು. ಯಾವಾಗ ಬಂತೋ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಹೋಗುತ್ತಾ, ನಿನ್ನ ತಮ್ಮನ ಕುರ್ಚಿ ಅಲ್ಲಾಡುತ್ತಿದೆಯಂತೆ ಎಂದು ಕೂಗಿ ಹೇಳಿದರು. ನೇಕಾರ "ಹೌದೇನು?" ಎಂದ. ಲಾಳಿ ಎಸೆದ.

ಅಯ್ಯನವರು ಕತೆ ನಿಲ್ಲಿಸಿದರು. "ಹಾಗಾದರೆ ನಾನು ಮತ ಕೇಳಿದ್ದೇ ತಪ್ಪೇ, ಅಯ್ಯನವರೇ?" ಎಂದ ಬಾರ್ನಬ.

"ತಪ್ಪಲ್ಲ. ನಿನಗೆ ಯಾರು ಒಳ್ಳೆಯವರೆಂದು ತೋರಿತೋ ಅವರಿಗಾಗಿ ಕೇಳಿದೆ. ಮುಂದಿನ ಸಲವೂ ಕೇಳು, ಬೇಕಾದರೆ ನನ್ನ ಮನೆಗೂ ಬಾ. ಚಹಾ ಕೊಡುತ್ತೇನೆ, ಮತದ ಮಾತು ಕೊಡುವುದಿಲ್ಲ."

ಬಾರ್ನಬನ ಮುಖ ತುಸು ಹಗುರಾಯಿತು. ಬಂದಾಗಿನಿಂದ ಮೊದಲ ಸಲ ನಕ್ಕ. "ತಿಳಿಯಿತು. ನಾಳೆ ಯಾರೇ ಗೆಲ್ಲಲಿ, ಭಾನುವಾರ ಸಭೆಯಲ್ಲಿ ಅವರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ" ಎಂದು ಎದ್ದು ನಿಂತ.

ಅಯ್ಯನವರು ಅವನ ಕೈ ಹಿಡಿದು ಮತ್ತೆ ಕೂರಿಸಿದರು.

"ಭಾನುವಾರದ ತನಕ ಯಾಕೆ, ಸೋಲಲಿ ಎಂದು ಬೇಡಿಕೊಂಡೆಯಲ್ಲ, ಆ ಮನುಷ್ಯನ ಹೆಸರು ಹಿಡಿದು ಈಗ ಇಲ್ಲೇ ಪ್ರಾರ್ಥನೆ ಮಾಡು, ಆಮೆನ್ ನಾನು ಹೇಳುತ್ತೇನೆ."